ಹಾರೋ ಹಿಮ ಅಳೆಯೋ ಪೈಪು: ರವಾ ಟೆಸ್ಟ್ ಮುಗೀತು

ಪುಣೆಯ ಕೋಥ್ರೂಡ್ ಮನಿ ಗ್ಯಾಲರಿಯೊಳಗ ಟೇಬಲ್ ಫ್ಯಾನ್ ಇಟ್ಟು, ಹಿಮದ ಬದಲಿ ಚಿರೋಟಿ ರವಾ ಹಾರಿಸಿ, ಗಾಳಿಗೆ ಹಾರೋ ಹಿಮ ಅಳೆಯಾಕ ನಾ ಮಾಡಿದ ಸೆನ್ಸರ್ ಪೈಪಿಗೆ ಬಡಿಸೋ ಟೆಸ್ಟ್ ಈ ವಾರ ಮುಗೀತ್ರಿ, ಸಿಗ್ನಲ್ ಭಾಳ ಚೊಲೋ ಬಂದೈತಿ.

ಹಿಮಕುಸಿತ ಮೊದಲ ಹೇಳಬೇಕಂದ್ರ ಎಷ್ಟು ಹಿಮ ಬಿತ್ತು ಅನ್ನೋದಷ್ಟ ಸಾಲೂದಿಲ್ಲ. ಆಕಾಶ ನಿಚ್ಚಳ ಇದ್ರೂ ಗಾಳಿ ಗುಡ್ಡದ ಒಂದ್ ಮಗ್ಗಲದ ಹಿಮ ಕೆರಕೊಂಡು ಏಣು ದಾಟಿಸಿ ಆಚೆ ಮಗ್ಗಲಕ್ಕ ಸುರೀತೈತಿ, ಅಲ್ಲೆ ಅದು ಬಿಗಿಯಾಗಿ ಕುಂದರ್ತೈತಿ, ಅದರ ಕೆಳಗಿನ ಪದರ ಸಡಿಲ ಇತ್ತಂದ್ರ 30ರಿಂದ 45 ಡಿಗ್ರಿ ಇಳಿಜಾರಿನ್ಯಾಗ ಇಡೀ ಪದರಾನ ಕಿತ್ಕೊಂಡು ಜಾರ್ತೈತಿ. ಬರೇ ಗಾಳಿ ವೇಗ ಅಳೆದ್ರೂ ಆಗೂದಿಲ್ಲ, ಯಾಕಂದ್ರ ಒಣ ಪುಡಿ ಹಿಮ ಸೆಕೆಂಡಿಗೆ 5-8 ಮೀಟರ್ ಗಾಳಿಗೇ ಏಳ್ತೈತಿ, ಬಿಸಿಲಿಗೆ ಕರಗಿ ಮತ್ತ ಗಟ್ಟಿಯಾದ ಹಿಮ ಅದಕ್ಕಿಂತ ಜೋರ್ ಗಾಳಿಗೂ ಅಲುಗಾಡೂದಿಲ್ಲ. ಹಂಗಾಗಿ ಹಾರೋ ಕಣಾನ ಹಿಡೀಬೇಕು.

ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ 2016ರೊಳಗ ಸಿಯಾಚಿನ್ ಹಿಮದಡಿ ಆರು ದಿನ ಇದ್ದು ಜೀವಂತ ಸಿಕ್ಕು, ಫೆಬ್ರವರಿ 11ಕ್ಕ ತೀರಿಕೊಂಡ್ರಲ್ಲ, ಅವತ್ತಿಂದ ಈ ವಿಷಯ ನನ್ನ ಬಿಟ್ಟಿಲ್ಲ. ಅದು ಐಸಿನ ಗೋಡೆ ಕುಸಿದು ಆದದ್ದು, ಇಂಥಾ ಸೆನ್ಸರ್ ಅದನ್ನ ಹೇಳ್ತಿರಲಿಲ್ಲ ಖರೆ, ಆದ್ರ ಗಾಳಿ ಕೂಡಿಸಿಟ್ಟ ಹಿಮದ ಸುಳಿವಾದ್ರೂ ಮೊದಲ ಸಿಗಲಿ ಅಂತ ಆಸೆ.

ಸ್ವಿಟ್ಜರ್ಲೆಂಡಿನ ಫ್ಲೋಕ್ಯಾಪ್ಟ್ ಅನ್ನೋ ಸೆನ್ಸರ್ ಕಣ ಬಡಿಯೋ ಸಪ್ಪಳ ಕೇಳಿ ಅಳೀತೈತಿ, ನಂದೂ ಅದ ದಾರಿ. ಅಲ್ಯೂಮಿನಿಯಂ ಪೈಪು, ಪುಣೆಯ ಎಲೆಕ್ಟ್ರಾನಿಕ್ಸ್ ಪ್ಯಾಟಿ ತಾಪ್‌ಕೀರ್ ಗಲ್ಲಿ ಕಡೆ ತಂದ ಪೀಜೋ ಡಿಸ್ಕ್ (ಬಡಿತಾನ ಕರೆಂಟ್ ಸಿಗ್ನಲ್ ಮಾಡೋ ಬಿಲ್ಲಿ), ಸಿಗ್ನಲ್ ಓದಾಕ ಇಎಸ್‌ಪಿ32 ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡು. ತ್ರಾಸ ಏನಂದ್ರ ಬರೇ ಗಾಳಿಗೂ ಪೈಪು ಗುಂಯ್ ಅಂತೈತಿ. ಅದು ಕೆಳಗಿನ ಫ್ರೀಕ್ವೆನ್ಸಿ, ಕಣ ಬಡಿದದ್ದು ಸಣ್ಣಂಗ ಚುರುಕಾಗಿ ಮ್ಯಾಲಿನ ಫ್ರೀಕ್ವೆನ್ಸಿಯೊಳಗ ಬರ್ತೈತಿ, ಫಿಲ್ಟರ್ ಹಾಕಿ ಕೆಳಗಿಂದು ಕತ್ತರಿಸಿದ ಮ್ಯಾಲೆ ಖಾಲಿ ಗಾಳಿಗೆ ಗ್ರಾಫ್ ಸಪಾಟ, ಒಂದ್ ಚಿಟಿಕಿ ರವಾ ಬಿಟ್ರ ಸಾಕು ಟಕಟಕ ಅಂತ ಏಳ್ತೈತಿ! ಇದನ್ನ ನೋಡಿ ಆದ ಖುಷಿ ಹೇಳಾಕ ಆಗೂದಿಲ್ರಿ. ರವಾ ಐಸಿಗಿಂತ ಭಾರ, ಅದಕ್ಕ ಈ ನಂಬರನ್ನ ಗ್ರಾಂಗೆ ತಿರುವಾಕ ಬರೂದಿಲ್ಲ, ಕ್ಯಾಲಿಬ್ರೇಶನ್ (ಸಿಗ್ನಲ್ ಎಷ್ಟಿದ್ರ ಹಿಮ ಎಷ್ಟು ಅಂತ ತಾಳೆ ಹಾಕೋದು) ಹಿಮದಾಗನ ಆಗಬೇಕು.

ಪೈಪು ಒಂದರ ಮ್ಯಾಲೊಂದು ಎರಡು ಬೇಕು. ಪುಟಿದು ಪುಟಿದು ಹೋಗೋ ಕಣ ನೆಲದ ಮ್ಯಾಲಿನ ಮೊದಲ ಹತ್ತಿಪ್ಪತ್ತು ಸೆಂಟಿಮೀಟರಿನ್ಯಾಗ ಜಾಸ್ತಿ, ಆದ್ರ ಹಿಮ ಏರಿದಂಗ ಕೆಳಗಿನ ಪೈಪು ಹೂತು ಹೋಗ್ತೈತಿ, ಎಷ್ಟು ಉದ್ದ ಹೊರಗ ಉಳೀತು ಅಂತ ಗೊತ್ತಾಗಾಕ ಬಾಜೂಕ ಸಪ್ಪಳದ ಪ್ರತಿಧ್ವನಿಯಿಂದ ಹಿಮದ ಎತ್ತರ ಅಳೆಯೋ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಬೇಕು.

ಈಗ ಬ್ಯಾಟರಿ ಕೆಲಸ ನಡದೈತಿ. ಮಾಮೂಲಿ ಲಿಥಿಯಂ-ಅಯಾನ್ ಸೆಲ್ಲನ್ನ ಸೊನ್ನೆ ಡಿಗ್ರಿ ಕೆಳಗ ಚಾರ್ಜ್ ಮಾಡಿದ್ರ ಹಾಳಾಗ್ತಾವು, ಅದಕ್ಕ ಚಾರ್ಜ್ ಮಾಡದ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್, ಜೋಡಿಗೆ ಕರೆಂಟ್ ಕೂಡಿಟ್ಟು ಒಮ್ಮೆಲೆ ಕೊಡೋ ಒಂದು ಸೂಪರ್‌ಕೆಪಾಸಿಟರ್ ಹಾಕಿ, ಮೊದಲ ಮನಿ ಫ್ರೀಜರಿನ್ಯಾಗ ಇಟ್ಟು ನೋಡಾಂವ ಇದ್ದೀನಿ.