‘ಮಾಮ, ಅವನನ್ನು ನೀವು ನೋಡಿದ್ದೀರಾ?’

ಈ ಸಲ ಆಟಿ ತಿಂಗಳಲ್ಲೇ ಊರಿಗೆ ಬಂದೆ. ಹೆಬ್ರಿಯ ಮನೆಯ ಚಾವಡಿ. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಪತ್ರೊಡೆ ಬೇಯುವ ಪರಿಮಳ. ಅಕ್ಕನ ಮಗ ಪಕ್ಕಕ್ಕೆ ಬಂದು ಕೂತ. “ಕೆನಡಾದ ಕಾಡಲ್ಲಿ ಮೈತುಂಬ ಕೂದಲಿರುವ ಮನುಷ್ಯ ಇದ್ದಾನಂತೆ. ಮಾಮ, ಅವನನ್ನು ನೀವು ನೋಡಿದ್ದೀರಾ?”

ನೋಡಿಲ್ಲ. ಆದರೆ ಅವನ ಊರಲ್ಲಿ ಓಡಾಡಿದ್ದೇನೆ.

ನಾನಿರುವುದು ವ್ಯಾಂಕೂವರ್ ಪಕ್ಕದ ಸರ್ರೆಯಲ್ಲಿ. ಅಲ್ಲಿಂದ ಪೂರ್ವಕ್ಕೆ ಒಂದೂವರೆ ಗಂಟೆ ಕಾರಲ್ಲಿ ಹೋದರೆ ಹ್ಯಾರಿಸನ್ ಹಾಟ್ ಸ್ಪ್ರಿಂಗ್ಸ್. ದೊಡ್ಡ ಸರೋವರ, ಸುತ್ತ ಬೆಟ್ಟ, ಸೀಡರ್ ಮರಗಳ ಕಾಡು. ಮಂಜು ಇಳಿದರೆ ಆಗುಂಬೆ ಘಾಟಿಯಲ್ಲಿ ನಿಂತ ಹಾಗೇ ಆಗುತ್ತದೆ. ಹುಡುಗ ಕೇಳಿದ ಆ ಕೂದಲ ಮನುಷ್ಯನ ಹೆಸರು ಅಲ್ಲಿ ಸಾಸ್ಕ್ವಾಚ್. ಊರಿನಲ್ಲಿ ಅಲ್ಲಲ್ಲಿ ಮರದಲ್ಲಿ ಕೆತ್ತಿದ ಸಾಸ್ಕ್ವಾಚ್ ನಿಂತಿದ್ದಾನೆ. ಬಂದವರೆಲ್ಲ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಮೊದಲ ಸಲ ನಾನೂ ತೆಗೆಸಿಕೊಂಡೆ.

ಆ ಹೆಸರು ಅಲ್ಲಿನ ಮೂಲನಿವಾಸಿಗಳಾದ ಸ್ಟಹೇಲಿಸ್ ಜನರದ್ದು ಎಂದು ಆಮೇಲೆ ಗೊತ್ತಾಯಿತು. ಅವರ ಹಲ್ಕೊಮೇಲಮ್ ಭಾಷೆಯಲ್ಲಿ ‘ಸಾಸ್ಕೆಟ್ಸ್’. ಅವರ ನಡುವೆ ಮೇಷ್ಟ್ರಾಗಿದ್ದ ಜೆ. ಡಬ್ಲ್ಯು. ಬರ್ನ್ಸ್ ಎಂಬವರು ಈ ಕಥೆಗಳನ್ನು ಬರೆದುಕೊಂಡು 1929ರಲ್ಲಿ ಪತ್ರಿಕೆಯೊಂದಕ್ಕೆ ಕೊಟ್ಟರು. ಹಾಗೆ ‘ಸಾಸ್ಕ್ವಾಚ್’ ಊರೂರಿಗೆ ಹಬ್ಬಿತು. ಆದರೆ ಸ್ಟಹೇಲಿಸ್ ಜನಕ್ಕೆ ಅವನು ಹಿಡಿದು ತೋರಿಸಬೇಕಾದ ಪ್ರಾಣಿಯಲ್ಲ. ಕಾಡು ಕಾಯುವವನು. ಈ ಲೋಕಕ್ಕೂ ಇನ್ನೊಂದು ಲೋಕಕ್ಕೂ ನಡುವೆ ಓಡಾಡುವವನು. ಇದನ್ನು ಕೇಳಿದಾಗ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ. ನಮ್ಮ ದೈವಗಳೂ ಮಾಯ ಸೇರಿದವರೇ ಅಲ್ವಾ? ಮಾಯದಿಂದ ಜೋಗಕ್ಕೆ, ಅಂದರೆ ಕಾಣದ ಲೋಕದಿಂದ ಈ ಲೋಕಕ್ಕೆ ಬರುವವರು, ಮತ್ತೆ ಮಾಯಕ್ಕೆ ಹೋಗುವವರು. ಪಂಜುರ್ಲಿಯ ಎದುರು ಕೈಮುಗಿದು ಬೆಳೆದ ನಾನು ಆ ಮರದ ಗೊಂಬೆಯ ಹೆಗಲ ಮೇಲೆ ಕೈ ಹಾಕಿ ಫೋಟೊಗೆ ನಿಂತಿದ್ದೆ. ಇಂದಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ಹುಡುಗನಿಗೆ ಸಾಕ್ಷಿ ಬೇಕಿತ್ತು. ಇದ್ದದ್ದನ್ನು ಹೇಳಿದೆ. 1958ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದ ರಸ್ತೆ ಕಾಮಗಾರಿಯ ಹತ್ತಿರ ದೊಡ್ಡ ಹೆಜ್ಜೆ ಗುರುತು ಕಂಡು, ಅವನಿಗೆ ‘ಬಿಗ್‌ಫೂಟ್’ ಎಂಬ ಇನ್ನೊಂದು ಹೆಸರು ಪೇಪರಿಗೆ ಬಂತು. ಅಲ್ಲಿ ಗುತ್ತಿಗೆದಾರರಾಗಿದ್ದ ರೇ ವಾಲೇಸ್ 2002ರಲ್ಲಿ ತೀರಿಕೊಂಡ ಮೇಲೆ, ಮನೆಯವರೇ ಮರದ ಪಾದಗಳನ್ನು ತೆಗೆದು ತೋರಿಸಿದರು. ಹಿಮಾಲಯದ ಹಿಮಮಾನವ ಯೇತಿಯದ್ದೂ ಹಾಗೇ. ಯೇತಿಯದ್ದೆಂದು ಜೋಪಾನವಾಗಿಟ್ಟಿದ್ದ ಒಂಬತ್ತು ಮಾದರಿಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ 2017ರಲ್ಲಿ ಬಂತು. ಎಂಟು ಕರಡಿ, ಒಂದು ನಾಯಿ.

“ಅಂದರೆ ಕರಡಿಯಾ?” ಮುಖ ಸಣ್ಣದಾಯಿತು.

ಅಲ್ಲಿನ ಕಾಡಲ್ಲಿ ಕಪ್ಪು ಕರಡಿ ಜಾಸ್ತಿ. ವಾಸನೆ ಹಿಡಿಯಲು ಹಿಂಗಾಲಲ್ಲಿ ಎದ್ದು ನಿಲ್ಲುತ್ತದೆ. ಮುಂಗಾಲಿಟ್ಟ ಜಾಗದ ಮೇಲೇ ಹಿಂಗಾಲಿಟ್ಟರೆ ಎರಡೂ ಸೇರಿ ಉದ್ದನೆಯ ಒಂದೇ ಪಾದದ ಹಾಗೆ ಕಾಣುತ್ತದೆ. ಮುಸ್ಸಂಜೆಯಲ್ಲಿ, ಮರಗಳ ಸಂದಿಯಲ್ಲಿ ಅದನ್ನು ಕಂಡವರು ಸುಳ್ಳು ಹೇಳಿದರು ಎನ್ನಲು ನನಗೆ ಬಾಯಿ ಬರುವುದಿಲ್ಲ. ಗಡಿಯಾಚೆ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕಮೇನಿಯಾ ಕೌಂಟಿಯಲ್ಲಿ ಸಾಸ್ಕ್ವಾಚ್‌ನನ್ನು ಕೊಲ್ಲಬಾರದು ಎಂದು 1969ರಲ್ಲೇ ಕಾನೂನು ಮಾಡಿದ್ದಾರೆ. ಇದನ್ನು ಕೇಳಿ ಹುಡುಗ ಮತ್ತೆ ಅರಳಿದ.

ಅಮ್ಮ ಅಷ್ಟು ಹೊತ್ತೂ ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಇದ್ದಾನಾ ಇಲ್ವಾ ಎಂದು ಅವರು ಕೇಳಲಿಲ್ಲ.

“ಅವನಿಗೆ ಅಲ್ಲಿ ವರ್ಷಕ್ಕೊಮ್ಮೆ ಏನಾದರೂ ಮಾಡ್ತಾರಾ?”

“ಹೌದಮ್ಮ. ಜೂನ್‌ನಲ್ಲಿ ಅವನ ಹೆಸರಲ್ಲೇ ಹಬ್ಬ. ಸರೋವರದಲ್ಲಿ ದೋಣಿ ಓಟ, ಬಂದವರಿಗೆ ಸಾಲ್ಮನ್ ಮೀನಿನ ಊಟ.”

“ಹಾಂ, ಹಾಗಿರಬೇಕು” ಎಂದು ಅಮ್ಮ ಪತ್ರೊಡೆ ಬೆಂದಿತಾ ನೋಡಲು ಒಳಗೆ ಹೋದರು.