ಗೋಲಿನ ಹಿಂದಿನ ಸಾಲು

ನಮ್ಮ ಕಾಲೇಜು ಟೀಮಿಗೆ ಮೂರು ವರ್ಷ ನಾನೇ ಗೋಲ್‌ಕೀಪರ್ ಆಗಿದ್ದೆ. ಈಗ ಅಲ್ಲಿ ಓದುತ್ತಿರುವವರಿಗೆ ನನ್ನ ಪರಿಚಯ ಇರಲಾರದು. ಹೊಂಗೆ ಮರದ ಕಡೆಯ ಗೋಲಿನ ಎಡಗಂಬದ ಮೇಲೆ ಮೊಳೆಯಲ್ಲಿ ಗೀಚಿದ ಒಂದು '1' ಇನ್ನೂ ಉಳಿದಿದ್ದರೆ, ಅದನ್ನು ಗೀಚಿದವನು ನಾನೇ. ಮಳೆಗಾಲದಲ್ಲಿ ಆ ಗೋಲಿನ ಮುಂದೆ ಹಿಮ್ಮಡಿ ಮುಳುಗುವಷ್ಟು ಕೆಸರಾಗುತ್ತಿತ್ತು. ನನಗೆ ಅದು ತುಂಬಾ ಇಷ್ಟದ ಜಾಗ.

ಕೊನೆಯ ವರ್ಷ ವಿಟಿಯು ಜೋನಲ್ ಟೂರ್ನಿಯಲ್ಲಿ ನಾವು ಕ್ವಾರ್ಟರ್‌ಫೈನಲ್ ತನಕ ಹೋದೆವು. ಅಲ್ಲಿ ಪೆನಾಲ್ಟಿಯಲ್ಲಿ ಸೋತೆವು. ಎದುರಾಳಿಗಳ ಒಂದು ಹೊಡೆತವನ್ನೂ ನನ್ನಿಂದ ಮುಟ್ಟಲಾಗಲಿಲ್ಲ. ಪಿ.ಇ. ಸರ್ ಏನೂ ಅನ್ನಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತರು, ಒಂದು ಬಾಳೆಹಣ್ಣು ಕೊಟ್ಟರು, ನಾನು ಅದನ್ನು ತಿಂದು ಮುಗಿಸುವ ತನಕ ಅಲ್ಲೇ ಇದ್ದರು. ಮನೆಗೆ ಹೋದವನು ಗ್ಲೌಸನ್ನು ಅಟ್ಟದ ಮೇಲೆ ಹಾಕಿಬಿಟ್ಟೆ. ಆಮೇಲೆ ಎಷ್ಟೋ ವರ್ಷ ಫುಟ್‌ಬಾಲ್ ನೋಡಲೂ ಇಲ್ಲ.

2021ರಲ್ಲಿ ಎಂ.ಎಸ್. ಮಾಡಲು ಅಮೆರಿಕದ ಸಿರಾಕ್ಯೂಸ್ ಯೂನಿವರ್ಸಿಟಿಗೆ ಹೋದೆ. ನ್ಯೂಯಾರ್ಕ್ ಅಂದ ತಕ್ಷಣ ಎಲ್ಲರಿಗೂ ಎತ್ತರದ ಕಟ್ಟಡಗಳೇ ನೆನಪಾಗುತ್ತವೆ. ಸಿರಾಕ್ಯೂಸ್ ಇರುವುದು ಅದೇ ರಾಜ್ಯದಲ್ಲಾದರೂ ಆ ಮಹಾನಗರದಿಂದ ನಾಲ್ಕು ಗಂಟೆಯ ದಾರಿ. ಒಂಟಾರಿಯೋ ಸರೋವರದ ಮೇಲಿಂದ ಬರುವ ತಣ್ಣನೆ ಗಾಳಿ ಅಲ್ಲಿ ರಾಶಿ ರಾಶಿ ಹಿಮ ಸುರಿಸುತ್ತದೆ. ಯೂನಿವರ್ಸಿಟಿಯ ಬಣ್ಣ ಕಿತ್ತಳೆ. ಟೀಮುಗಳ ಹೆಸರೇ 'ಆರೆಂಜ್'. ಬ್ಯಾಸ್ಕೆಟ್‌ಬಾಲ್, ಅಮೆರಿಕನ್ ಫುಟ್‌ಬಾಲ್ ಮ್ಯಾಚುಗಳಿಗೆ ದೊಡ್ಡ ಡೋಮ್ ಇದೆ. ಹತ್ತಾರು ಸಾವಿರ ಜನ ಸೇರುತ್ತಾರೆ. ನಮ್ಮ ಫುಟ್‌ಬಾಲ್ ಅಲ್ಲಿ ಸಾಕರ್. ಅದರ ಮೈದಾನ ಬೇರೆ ಕಡೆ ಇದೆ, ಚಿಕ್ಕದು, ಮೇಲೆ ಚಾವಣಿ ಇಲ್ಲ.

2022ರ ಸೆಪ್ಟೆಂಬರಿನ ಒಂದು ಸಂಜೆ ಲೈಬ್ರರಿಯಿಂದ ರೂಮಿಗೆ ಹೋಗುವಾಗ ಆ ಮೈದಾನದ ದೀಪ ಕಂಡಿತು. ಸುಮ್ನೆ ಒಳಗೆ ಹೋದೆ. ನಿಂತ ಜಾಗ ಗೋಲಿನ ಹಿಂದೆ. ಬೇಕೆಂದು ಅಲ್ಲಿ ನಿಂತದ್ದಲ್ಲ, ಕಾಲೇ ಅಲ್ಲಿಗೆ ಕರೆದುಕೊಂಡು ಹೋಯಿತು. ಸಿರಾಕ್ಯೂಸ್‌ನ ಕೀಪರ್ ಹೆಸರು ರಸೆಲ್ ಶೀಲಿ. ಅವತ್ತಿನಿಂದ ಆ ಸೀಸನ್ ಮುಗಿಯುವವರೆಗೂ ನಾನು ಚೆಂಡಿಗಿಂತ ಜಾಸ್ತಿ ಅವನನ್ನೇ ನೋಡಿದ್ದೇನೆ.

ಅಲ್ಲಿಯ ಕಾಲೇಜು ಸಾಕರಿನ ಲೆಕ್ಕ ಅರ್ಥವಾಗಲು ನನಗೆ ಸ್ವಲ್ಪ ದಿನ ಬೇಕಾಯಿತು. ಯೂನಿವರ್ಸಿಟಿಗಳು ಗುಂಪು ಕಟ್ಟಿಕೊಂಡಿರುತ್ತವೆ. ಆ ಗುಂಪಿಗೆ ಕಾನ್ಫರೆನ್ಸ್ ಎನ್ನುತ್ತಾರೆ. ನಮ್ಮ ಜೋನ್ ಇದ್ದ ಹಾಗೆ ಅಂದುಕೊಳ್ಳಿ, ಆದರೆ ಇಲ್ಲಿ ಯಾರ ಜೊತೆ ಸೇರಬೇಕು ಅನ್ನುವುದನ್ನು ಯೂನಿವರ್ಸಿಟಿಗಳೇ ತೀರ್ಮಾನಿಸುತ್ತವೆ. ಸಿರಾಕ್ಯೂಸ್ 2013ರಲ್ಲಿ ಹಳೆಯ ಗುಂಪು ಬಿಟ್ಟು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಸೇರಿತು. ಎಲ್ಲರೂ ಅದನ್ನು ಎಸಿಸಿ ಎಂದೇ ಕರೆಯುತ್ತಾರೆ. ವರ್ಜೀನಿಯಾ, ನಾರ್ತ್ ಕೆರೊಲಿನಾ, ಡ್ಯೂಕ್, ವೇಕ್ ಫಾರೆಸ್ಟ್, ಕ್ಲೆಮ್ಸನ್, ನೋಟ್ರ ಡೇಮ್ ಎಲ್ಲ ಇದರಲ್ಲೇ ಇವೆ. ಕಾಲೇಜು ಸಾಕರಿನಲ್ಲಿ ಇದಕ್ಕಿಂತ ಗಟ್ಟಿ ಗುಂಪು ಇಲ್ಲ ಅನ್ನುವುದು ನನ್ನ ನಂಬಿಕೆ.

ಆಗಸ್ಟ್ ಕೊನೆಯಿಂದ ಅಕ್ಟೋಬರ್ ಕೊನೆಯ ತನಕ ಲೀಗ್. ನವೆಂಬರ್ ಬಂದರೆ ಕಾನ್ಫರೆನ್ಸ್ ಚಾಂಪಿಯನ್‌ಶಿಪ್ ಟೂರ್ನಿ. ಆ ವರ್ಷ ಎಸಿಸಿಯಲ್ಲಿ ಪುರುಷರ ಸಾಕರ್ ಟೀಮ್ ಇದ್ದ ಯೂನಿವರ್ಸಿಟಿಗಳು 12. ಹನ್ನೆರಡಕ್ಕೂ ಟೂರ್ನಿಯಲ್ಲಿ ಜಾಗ. ಮೇಲಿನ ನಾಲ್ಕು ಟೀಮಿಗೆ ಮೊದಲ ಸುತ್ತಿನಲ್ಲಿ ಬೈ, ಅಂದರೆ ಆಡದೆಯೇ ಎರಡನೇ ಸುತ್ತಿಗೆ. ಮೇಲಿನ ಸ್ಥಾನದವರ ಮೈದಾನಕ್ಕೆ ಕೆಳಗಿನ ಸ್ಥಾನದವರು ಹೋಗಿ ಆಡಬೇಕು. ಫೈನಲ್ ಮಾತ್ರ ಬೇರೆ ಊರಿನಲ್ಲಿ. ಸೋತರೆ ಅಲ್ಲಿಗೆ ಮುಗಿಯಿತು. ಗೆದ್ದವರಿಗೆ, ಅಮೆರಿಕದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆಯ ರಾಷ್ಟ್ರೀಯ ಟೂರ್ನಿಯ 48 ಟೀಮುಗಳಲ್ಲಿ ನೇರ ಪ್ರವೇಶ. ಉಳಿದವರು ಆಯ್ಕೆ ಸಮಿತಿಯ ಕಡೆ ನೋಡುತ್ತಾ ಕೂರಬೇಕು.

ಸಿರಾಕ್ಯೂಸ್ ಎಸಿಸಿ ಕಪ್ಪನ್ನು ಅದಕ್ಕೆ ಮೊದಲು ಗೆದ್ದಿದ್ದು ಒಂದೇ ಸಲ, 2015ರಲ್ಲಿ, ನೋಟ್ರ ಡೇಮ್ ಮೇಲೆ 1-0. ಏಳು ವರ್ಷದ ನಂತರ ಮತ್ತೆ ಫೈನಲ್ ತಲುಪಿದಾಗ ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ನವೆಂಬರ್ 13, ಭಾನುವಾರ. ಜಾಗ, ನಾರ್ತ್ ಕೆರೊಲಿನಾದ ಕೇರಿ.

ಹೌದು, ಊರಿನ ಹೆಸರೇ ಕೇರಿ. ದೊಡ್ಡಮ್ಮನ ಮಗಳು ಅಲ್ಲಿಗೆ ಮನೆ ಮಾಡಿದಾಗ ನಮ್ಮ ಅಜ್ಜಿ "ಯಾವ ಕೇರಿ, ಮೇಲಿನ ಕೇರಿಯೋ ಕೆಳಗಿನ ಕೇರಿಯೋ?" ಎಂದು ಕೇಳಿದ್ದರು. ಅಕ್ಕ ಇರುವುದರಿಂದ ಉಳಿಯಲು ಜಾಗದ ಚಿಂತೆ ಇರಲಿಲ್ಲ. ದೂರದ್ದೇ ಚಿಂತೆ. ಸುಮಾರು 1000 ಕಿಲೋಮೀಟರ್. ನನ್ನ ಹುಬ್ಬಳ್ಳಿಯ ರೂಮ್‌ಮೇಟ್ ಹತ್ತಿರ ಹಳೆಯ ಕಾರಿತ್ತು.

"ಒಂದ್ ಮ್ಯಾಚ್ ನೋಡಾಕ ಅಷ್ಟ್ ದೂರ ಹೋಗೂದೇನಲೇ?" ಅಂದ.

"ಹೌದು" ಅಂದೆ.

ನನ್ನ ಮುಖ ಒಂದು ಗಳಿಗೆ ನೋಡಿದ. "ನಡಿ ಹಂಗಾರ" ಅಂದು ಕೀ ತೆಗೆದುಕೊಂಡ. ಅವನಿಗೆ ಫುಟ್‌ಬಾಲ್ ಅಂದರೆ ಅಷ್ಟಕ್ಕಷ್ಟೇ. ನನಗೋಸ್ಕರ ಬಂದ. ಆ ಋಣ ನನ್ನ ಮೇಲೆ ಇನ್ನೂ ಇದೆ.

ಶನಿವಾರ ಕತ್ತಲೆ ಇರುವಾಗಲೇ ಹೊರಟೆವು. ಪೆನ್ಸಿಲ್ವೇನಿಯಾದ ಬೆಟ್ಟಗಳಲ್ಲಿ ಎಲೆ ಉದುರಿದ ಮರಗಳು. ದಕ್ಷಿಣಕ್ಕೆ ಇಳಿದಷ್ಟೂ ಮರದ ಮೇಲೆ ಬಣ್ಣ ಉಳಿದಿತ್ತು. ರಾತ್ರಿ ಅಕ್ಕನ ಮನೆಯಲ್ಲಿ ಬಿಸಿಬೇಳೆಬಾತ್. ಬೆಳಿಗ್ಗೆ ಅಕ್ಕ ಬಿಡಲಿಲ್ಲ, "ಮೊದಲು ದೇವಸ್ಥಾನ, ಆಮೇಲೆ ನಿನ್ನ ಬಾಲು" ಎಂದು ಅಲ್ಲಿಯ ವೆಂಕಟೇಶ್ವರ ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. 87 ಅಡಿಯ ರಾಜಗೋಪುರ ಆ ವರ್ಷದ ದೀಪಾವಳಿಗಷ್ಟೇ ಉದ್ಘಾಟನೆಯಾಗಿತ್ತು. ಹೊಸ ಗೋಪುರದ ಕೆಳಗೆ ಕಿತ್ತಳೆ ಜೆರ್ಸಿ ಹಾಕಿಕೊಂಡು ನಿಂತೆ. ಏನು ಕೇಳಿಕೊಂಡೆ ಅಂತ ಬರೆಯುವುದಿಲ್ಲ, ನಿಮಗೆ ಗೊತ್ತಾಗುತ್ತೆ ಅಲ್ವಾ.

ಎದುರಾಳಿ ಕ್ಲೆಮ್ಸನ್. ಸುಮ್ಮನೆ ಬಂದ ಟೀಮಲ್ಲ, ಆಗಿನ ರಾಷ್ಟ್ರೀಯ ಚಾಂಪಿಯನ್. ಹನ್ನೊಂದು ತಿಂಗಳ ಹಿಂದೆ, 2021ರ ಡಿಸೆಂಬರಿನಲ್ಲಿ, ಇದೇ ವೇಕ್‌ಮೆಡ್ ಸಾಕರ್ ಪಾರ್ಕಿನಲ್ಲಿ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಟೀಮನ್ನು 2-0 ಇಂದ ಸೋಲಿಸಿ ಕಪ್ ಎತ್ತಿದ್ದರು. ಆ ಫೈನಲಿನ ಮೊದಲ ಗೋಲ್ ಬಂದಿದ್ದು 27 ಸೆಕೆಂಡಿಗೆ! ಕೀಪರ್ ಆದವನಿಗೆ ಅದನ್ನು ಕೇಳಿದರೇ ಹೊಟ್ಟೆ ತೊಳಸುತ್ತದೆ. ಅವರ ಬಣ್ಣವೂ ಕಿತ್ತಳೆ. ಗ್ಯಾಲರಿ ಪೂರ್ತಿ ಕಿತ್ತಳೆ, ಯಾರು ಯಾರ ಕಡೆಯವರೋ ಮಾತಾಡಿದರೆ ಮಾತ್ರ ತಿಳಿಯುತ್ತಿತ್ತು.

ನಾವು ಮೂವರು ಗೋಲಿನ ಹಿಂದಿನ ಸಾಲಿನಲ್ಲಿ ಕೂತೆವು. ಭಾವ ಮಗುವನ್ನು ನೋಡಿಕೊಳ್ಳುತ್ತೇನೆಂದು ಮನೆಯಲ್ಲೇ ಉಳಿದಿದ್ದರು. ಮೊದಲ ಐದು ನಿಮಿಷ ನಾನು ಉಸಿರು ಬಿಟ್ಟಿದ್ದು ನೆನಪಿಲ್ಲ. 27 ಸೆಕೆಂಡ್ ದಾಟಿತು, ಒಂದು ನಿಮಿಷ ದಾಟಿತು, ಆಮೇಲೆ ನೋಡಲು ಧೈರ್ಯ ಬಂತು.

ನಮ್ಮ ಕಾಲೇಜಿನ ಈಗಿನ ಟೀಮಿನ ಕೀಪರ್ ಇದನ್ನು ಓದುತ್ತಿದ್ದರೆ ಈ ಒಂದು ಮಾತು ಅವನಿಗೇ ಬರೆಯುತ್ತಿದ್ದೇನೆ. ಗೋಲಿನ ಹಿಂದೆ ಕೂತರೆ ಕಾಣುವುದೇ ಬೇರೆ. ಟಿವಿಯಲ್ಲಿ ಕೀಪರ್ ಕಾಣಿಸಿಕೊಳ್ಳುವುದು ಅವನು ಹಾರಿದಾಗ ಮಾತ್ರ. ಇಲ್ಲಿ ಅವನ ಉಳಿದ ಕೆಲಸವೆಲ್ಲ ಕಾಣುತ್ತದೆ. ಚೆಂಡು ಆ ಕಡೆ ಹೋದರೆ ನಾಲ್ಕು ಹೆಜ್ಜೆ ಮುಂದೆ, ಈ ಕಡೆ ಬಂದರೆ ನಾಲ್ಕು ಹೆಜ್ಜೆ ಹಿಂದೆ. ಕಂಬ ಎಲ್ಲಿದೆ ಅನ್ನುವುದನ್ನು ತಿರುಗಿ ನೋಡದೆ ತಿಳಿದುಕೊಳ್ಳುವುದು. ಮುಂದಿನ ನಾಲ್ವರನ್ನು ಮಾತಿನಲ್ಲೇ ಎಡಕ್ಕೆ ಬಲಕ್ಕೆ ಸರಿಸುವುದು. ಹೊಡೆತ ಬರುವ ಮೊದಲೇ ಅರ್ಧ ಹೊಡೆತ ತಡೆದಾಗಿರುತ್ತದೆ. ನಮ್ಮ ಮೈದಾನದಲ್ಲಿ ನಾನು ಮೂರು ವರ್ಷ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಚೆಂಡು ಬಂದಾಗ ಹಾರುವುದೇ ಕೆಲಸ ಅಂದುಕೊಂಡಿದ್ದೆ. ಆ ಜೋನಲ್ ಪಂದ್ಯ ಪೆನಾಲ್ಟಿಗೆ ಹೋಗಲು ಕಾರಣವಾದ ಗೋಲ್ ನೆನಪಾಯಿತು. ನಾನು ಒಂದು ಸಲ ಕೂಗಿ ಹೇಳಿದ್ದರೆ ನಮ್ಮ ಹುಡುಗ ಎರಡು ಹೆಜ್ಜೆ ಸರಿಯುತ್ತಿದ್ದ. ಅಷ್ಟೇ ಸಾಕಿತ್ತು.

ಇಷ್ಟು ವರ್ಷ ನಾನು ಪೆನಾಲ್ಟಿಗಳ ಬಗ್ಗೆ ಕೊರಗುತ್ತಿದ್ದೆ. ತಪ್ಪು ಅಲ್ಲಿ ಇರಲೇ ಇಲ್ಲ. ಕೇರಿಯ ಆ ಬೆಂಚಿನ ಮೇಲೆ ಕೂತು ಅದು ತಿಳಿದಾಗ ಬೇಸರ ಆಗಲಿಲ್ಲ. ಎದೆ ಹಗುರವಾಯಿತು.

ಸಿರಾಕ್ಯೂಸ್ ಎರಡು ಗೋಲ್ ಹೊಡೆಯಿತು. ಕ್ಲೆಮ್ಸನ್‌ಗೆ ಒಂದೂ ಇಲ್ಲ. ಅಲ್ಲಿಯ ಕಾಲೇಜು ಸಾಕರಿನಲ್ಲಿ ಗಡಿಯಾರ ಹಿಂದಕ್ಕೆ ಓಡುತ್ತಿತ್ತು. 45ರಿಂದ ಶುರುವಾಗಿ ಸೊನ್ನೆಗೆ ಬಂದು ನಿಲ್ಲುವುದು. ಆದ್ದರಿಂದ ಎಷ್ಟು ಸಮಯ ಉಳಿದಿದೆ ಅನ್ನುವುದು ಮೈದಾನದಲ್ಲಿ ಎಲ್ಲರಿಗೂ ಗೊತ್ತಿರುತ್ತಿತ್ತು. ಕೊನೆಯ ಹತ್ತು ಸೆಕೆಂಡುಗಳನ್ನು ಜನ ಎದ್ದು ನಿಂತು ಎಣಿಸುವುದು ರೂಢಿಯಾಗಿತ್ತು. ಸುತ್ತ ಎಲ್ಲರೂ ಇಂಗ್ಲಿಷಿನಲ್ಲಿ ಎಣಿಸುತ್ತಿದ್ದರು. ನನ್ನ ಬಾಯಲ್ಲಿ "ಹತ್ತು, ಒಂಬತ್ತು, ಎಂಟು" ಎಂದು ಬಂತು. ಪಕ್ಕದಲ್ಲಿ ಹುಬ್ಬಳ್ಳಿ ಹುಡುಗ ದನಿ ಸೇರಿಸಿದ. ಅಕ್ಕನೂ ಸೇರಿಸಿದಳು. ಸೊನ್ನೆ ಬಂದಾಗ ಅವನು ನನ್ನನ್ನು ಎತ್ತಿಬಿಟ್ಟಿದ್ದ.

ವಾಪಸ್ ದಾರಿಯಲ್ಲಿ ರಾತ್ರಿಯಿಡೀ ಸರದಿಯ ಮೇಲೆ ಕಾರು ಓಡಿಸಿದೆವು. ಸೋಮವಾರದ ಕ್ಲಾಸಿಗೆ ತಲುಪಿದೆ. ಏನು ಪಾಠ ಆಯಿತೋ ಕೇಳಬೇಡಿ.

ಮುಂದಿನದು ಬೇಗ ಹೇಳುತ್ತೇನೆ. ರಾಷ್ಟ್ರೀಯ ಟೂರ್ನಿಯಲ್ಲಿ ಸಿರಾಕ್ಯೂಸ್‌ಗೆ ಮೂರನೇ ಶ್ರೇಯಾಂಕ ಸಿಕ್ಕಿತು. ಪೆನ್, ಕಾರ್ನೆಲ್, ವರ್ಮಾಂಟ್ ಒಂದೊಂದಾಗಿ ಸೋತವು. ಚಳಿಯಲ್ಲಿ ಎರಡು ಜಾಕೆಟ್ ಹಾಕಿಕೊಂಡು ಗೋಲಿನ ಹಿಂದೆ ನಿಂತು ನೋಡಿದೆ. ಸೆಮಿಫೈನಲ್ ಮತ್ತು ಫೈನಲ್ ಮತ್ತೆ ಕೇರಿಯಲ್ಲೇ, ಅದೇ ಮೈದಾನದಲ್ಲಿ. ಈ ಸಲ ಹೋಗಲು ಆಗಲಿಲ್ಲ, ಸೆಮಿಸ್ಟರಿನ ಕೊನೆಯ ಪರೀಕ್ಷೆಗಳಿದ್ದವು. ಕ್ರೇಟನ್ ಮೇಲೆ 3-2ರ ಗೆಲುವನ್ನು ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ನೋಡಿದೆವು.

ಡಿಸೆಂಬರ್ 12ರ ಸೋಮವಾರ ಫೈನಲ್. ಎದುರಿಗೆ ಇಂಡಿಯಾನಾ, ಅದುವರೆಗೆ ಎಂಟು ಸಲ ಗೆದ್ದ ಟೀಮ್. ನೇಥನ್ ಒಪೊಕು ಒಂದು ಗೋಲ್ ಹೊಡೆದ, ಕರ್ಟ್ ಕಾಲೊವ್ ಇನ್ನೊಂದು. ಇಂಡಿಯಾನಾ ಎರಡೂ ಸಲ ಸರಿಗಟ್ಟಿತು. 2-2. ಹೆಚ್ಚುವರಿ ಸಮಯದಲ್ಲೂ ತೀರ್ಮಾನವಾಗಲಿಲ್ಲ. ಪೆನಾಲ್ಟಿ.

ನಾನು ಎದ್ದು ಕಿಟಕಿ ಹತ್ತಿರ ಹೋದೆ. ರೂಮ್‌ಮೇಟ್ ತೋಳು ಹಿಡಿದು ಎಳೆದು ಕೂರಿಸಿದ. "ಕುಂದ್ರು. ನೋಡು" ಅಂದ.

ನೋಡಿದೆ. ಐದು ಸುತ್ತು ಮುಗಿದರೂ ಸಮ ಸಮ. ಮುಂದಿನ ಸುತ್ತುಗಳು ಒಂದೊಂದೇ ಹೊಡೆತದವು. ಒಬ್ಬ ತಪ್ಪಿದರೆ ಕಥೆ ಮುಗಿಯಿತು. ಆಮೇಲೆ ಶೀಲಿ ಒಂದನ್ನು ತಡೆದ. ಆಮ್ಫರ್ನಿ ಸಿಂಕ್ಲೇರ್ ಬಂದು ಕೊನೆಯ ಹೊಡೆತವನ್ನು ಬಲೆಗೆ ಸೇರಿಸಿದ. 7-6. ಸಿರಾಕ್ಯೂಸ್‌ಗೆ ಪುರುಷರ ಸಾಕರಿನಲ್ಲಿ ಅದು ಮೊದಲ ಎನ್‌ಸಿಎಎ ರಾಷ್ಟ್ರೀಯ ಕಪ್. 2010ರಿಂದ ಟೀಮಿನ ಜೊತೆಗಿದ್ದ ಕೋಚ್ ಇಯಾನ್ ಮ್ಯಾಕಿಂಟೈರ್ ಹುಡುಗರ ನಡುವೆ ಕಾಣದಂತೆ ಮುಳುಗಿಹೋದರು. ಕೆಳಗೆ ಬೀದಿಯಲ್ಲಿ ಕಾರುಗಳು ಹಾರ್ನ್ ಹೊಡೆಯಲು ಶುರುಮಾಡಿದವು.

ಆ ದೊಡ್ಡ ಕಪ್ಪಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಮಾತಾಡಬೇಕು ಕೂಡ. ನನಗೆ ಮಾತ್ರ ನವೆಂಬರಿನ ಆ ಭಾನುವಾರವೇ ಹತ್ತಿರ. ಕಾನ್ಫರೆನ್ಸ್ ಟೂರ್ನಿ ಅಂದರೆ ಪ್ರತಿ ವರ್ಷ ಎದುರಾಗುವ, ಪರಸ್ಪರ ಚೆನ್ನಾಗಿ ಬಲ್ಲ ಟೀಮುಗಳ ಆಟ. ನಮಗೆ ಪಕ್ಕದ ಊರಿನ ಕಾಲೇಜು ಹೇಗೋ ಹಾಗೆ. ಅವರ ಎದುರು ಗೆದ್ದರೆ ಆಗುವ ಖುಷಿಯೇ ಬೇರೆ. ಸೋತರೆ ಆಗುವ ನೋವೂ ಬೇರೆ, ಅದು ನನಗೆ ಗೊತ್ತು.

ಡಿಸೆಂಬರಿನ ಆ ಫೈನಲ್ ಮುಗಿದ ರಾತ್ರಿ ಒಂಬತ್ತೂವರೆಗೆ ಊರಿಗೆ ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ ಎಂಟು ಗಂಟೆ. ಕುಕ್ಕರ್ ಸದ್ದು ಕೇಳುತ್ತಿತ್ತು. ಅಮ್ಮ ಗಾಬರಿಯಾದರು, ಆ ಹೊತ್ತಿನಲ್ಲಿ ನಾನು ಯಾವತ್ತೂ ಮಾಡುವವನಲ್ಲ.

"ಅಮ್ಮಾ, ಅಟ್ಟದ ಮೇಲೆ ನನ್ನ ಗ್ಲೌಸ್ ಇತ್ತಲ್ಲ, ಇನ್ನೂ ಇದೆಯಾ?"

"ಇರು ನೋಡ್ತೀನಿ" ಎಂದು ಹೋದರು. ಏಣಿ ಎಳೆದ ಸದ್ದು, ಡಬ್ಬಿಗಳ ಸದ್ದು. ತುಂಬಾ ಹೊತ್ತಾಯಿತು. ಆಮೇಲೆ ಉಸಿರು ಬಿಡುತ್ತಾ ಬಂದು ಫೋನ್ ತೆಗೆದುಕೊಂಡರು.

"ಇದೆ ಕಣೋ. ಧೂಳು ಹಿಡಿದಿದೆ. ಇವತ್ತೇ ಬಿಸಿಲಿಗೆ ಹಾಕ್ತೀನಿ."