ಬಲಗೆನ್ನೆಯ ಸುಕ್ಕು ಮತ್ತು ನೆತ್ತಿಯ ಔಷಧ

ಕಳೆದ ಕಾರ್ತಿಕದಲ್ಲಿ ಅಕ್ಕನ ಮನೆಯ ಗೃಹಪ್ರವೇಶ ನಡೆಯಿತು. ಪಂಕ್ತಿಯಲ್ಲಿ ಬಡಿಸುತ್ತಿದ್ದ ಅಕ್ಕ ನನ್ನೆದುರು ನಿಂತು ಮೊದಲು ನೆತ್ತಿಯನ್ನು ನೋಡಿದಳು, ಆಮೇಲೆ ಮುಖವನ್ನು. "ಕೂದಲೇನೋ ಬಂದಿದೆ ಕಣೋ, ಆದರೆ ಮುಖ ಯಾಕೋ ಬಾಡಿಹೋಗಿದೆ. ಸರಿಯಾಗಿ ಊಟ ಮಾಡ್ತಿದ್ದೀಯಾ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಎಲೆಯ ಮೇಲೆ ಇನ್ನೊಂದು ಹೋಳಿಗೆ ಹಾಕಿ ಮುಂದೆ ಹೋದಳು. ಅಕ್ಕ ಅಂದಿದ್ದು ಅಷ್ಟೇ. ಆದರೆ ಅದಕ್ಕೆ ಎರಡು ವಾರ ಮೊದಲು ಕಚೇರಿಯ ಕಿರಿಯ ಸಹೋದ್ಯೋಗಿಯೊಬ್ಬ, ನಾನು ಹದಿನಾಲ್ಕು ತಿಂಗಳಿಂದ ತಲೆಗೆ ಮಿನಾಕ್ಸಿಡಿಲ್ ಎಂಬ ಕೂದಲು ಬೆಳೆಸುವ ಔಷಧ ಹಚ್ಚುತ್ತಿರುವುದು ತಿಳಿದು, "ಸರ್, ಅದು ಚರ್ಮ ಬಿಗಿಯಾಗಿಡೋ ಕೊಲಾಜೆನ್ ತಿಂದುಹಾಕುತ್ತಂತೆ, ಕೂದಲು ಬರುತ್ತೆ, ಮುಖ ಮುದುಕರದ್ದಾಗುತ್ತೆ" ಎಂದು ಹೇಳಿದ್ದರಿಂದ, ಅಕ್ಕನ ಮಾತು ನನಗೆ ಆ ಮಾತಿಗೆ ಬಿದ್ದ ಮೊಹರಿನಂತೆ ಕೇಳಿಸಿತು.

ಅಂದಿನಿಂದ ಸುಮಾರು ಎರಡು ತಿಂಗಳ ಕಾಲ ನಾನು ಕನ್ನಡಿಯ ಮುಂದೆ ಕಳೆದ ಹೊತ್ತನ್ನು ನೆನೆದರೆ ನಾಚಿಕೆಯಾಗುತ್ತದೆ. ಮೂವತ್ತೆಂಟು ವರ್ಷದ, ಲೆಕ್ಕಪತ್ರ ನೋಡಿ ಬದುಕುವ ಮನುಷ್ಯ ಬೆಳಿಗ್ಗೆ ಬಚ್ಚಲುಮನೆಯ ದೀಪದಲ್ಲಿ ಒಮ್ಮೆ, ಮಧ್ಯಾಹ್ನ ಕಚೇರಿಯ ಶೌಚಾಲಯದ ಬಿಳಿ ಟ್ಯೂಬ್‌ಲೈಟಿನಲ್ಲಿ ಇನ್ನೊಮ್ಮೆ, ಕಣ್ಣಿನ ಹೊರತುದಿಯಿಂದ ಹೊರಡುವ ಗೆರೆಗಳನ್ನು ಎಣಿಸುತ್ತಿದ್ದ. ಹಣೆ ಹಿಂದಕ್ಕೆ ಸರಿಯುತ್ತಿದೆ ಎಂಬ ಚಿಂತೆಯಿಂದ ಶುರುವಾದ ಔಷಧವೇ ಹಣೆಯ ಕೆಳಗಿನದೆಲ್ಲವನ್ನೂ ಕೆಡಿಸುತ್ತಿದೆಯೇ ಎಂಬ ಭಯ ಹುಟ್ಟಿದ ಮೇಲೆ, ಬಿಡಲೂ ಆಗದೆ ಹಚ್ಚಲೂ ಆಗದೆ ಒದ್ದಾಡಿದೆ. ಬಿಟ್ಟರೆ ಮೂರು ನಾಲ್ಕು ತಿಂಗಳಲ್ಲಿ, ಔಷಧದಿಂದ ಬಂದ ಕೂದಲೆಲ್ಲ ಉದುರಿ ತಲೆ ಮೊದಲಿನ ದಾರಿಗೇ ಮರಳುತ್ತದೆ ಎಂಬುದು ಔಷಧದಂಗಡಿಯವನಿಗೂ ಗೊತ್ತಿರುವ ಸಂಗತಿ.

ಭಯ ಪೂರ್ತಿ ಬುಡವಿಲ್ಲದ್ದಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಮಿನಾಕ್ಸಿಡಿಲ್ ಮೂಲತಃ ಕೂದಲಿನ ಔಷಧವೇ ಅಲ್ಲ. ಅಮೆರಿಕದ ಅಪ್‌ಜಾನ್ ಕಂಪನಿ ಅದನ್ನು ರಕ್ತನಾಳಗಳನ್ನು ಸಡಿಲಿಸುವ ಮಾತ್ರೆಯಾಗಿ ಬೆಳೆಸಿತು. ಬೇರೆ ಯಾವುದಕ್ಕೂ ಬಗ್ಗದ ರಕ್ತದೊತ್ತಡಕ್ಕೆಂದು 1979ರಲ್ಲಿ ಅಲ್ಲಿ ಅನುಮತಿ ಸಿಕ್ಕಿತು. ಮಾತ್ರೆ ನುಂಗಿದವರಲ್ಲಿ ಹೆಚ್ಚಿನವರಿಗೆ, ಎಂದರೆ ನೂರರಲ್ಲಿ ಎಂಬತ್ತರಷ್ಟು ಜನಕ್ಕೆ, ಮೈಮೇಲೆ, ಮುಖದ ಮೇಲೆ ಕೂದಲು ದಟ್ಟವಾಗಿ ಬೆಳೆಯತೊಡಗಿತು. ಅಡ್ಡಪರಿಣಾಮವೇ ಸರಕಾಯಿತು, ನೆತ್ತಿಗೆ ಹಚ್ಚುವ 2 ಪ್ರತಿಶತದ ದ್ರಾವಣಕ್ಕೆ 1988ರಲ್ಲಿ ಅನುಮತಿ ದೊರೆಯಿತು. ಇದೇ ಹೊತ್ತಿಗೆ, 1987ರಲ್ಲಿ, ಮುರಾದ್ ಮತ್ತು ಪಿನ್ನೆಲ್ ಎಂಬ ಇಬ್ಬರು ಸಂಶೋಧಕರು ಮನುಷ್ಯರ ಚರ್ಮದಲ್ಲಿ ಕೊಲಾಜೆನ್ ತಯಾರಿಸುವ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಅವುಗಳ ಮೇಲೆ ಮಿನಾಕ್ಸಿಡಿಲ್ ಹಾಕಿ ನೋಡಿದರು. ಕೋಶಗಳು ಹೆಚ್ಚುವ ವೇಗ ತಗ್ಗಿತು; ಜೊತೆಗೆ ಲೈಸಿಲ್ ಹೈಡ್ರಾಕ್ಸಿಲೇಸ್ ಎಂಬ ಕಿಣ್ವದ ಚಟುವಟಿಕೆಯೂ ಕುಸಿಯಿತು. ನನ್ನ ಸಹೋದ್ಯೋಗಿ ಹೇಳಿದ ಮಾತಿನ ಬೇರು ಇರುವುದು ಇಲ್ಲಿ.

ಈ ಕಿಣ್ವ ಮಾಡುವ ಕೆಲಸವನ್ನು ರಾಮನಗರದವನಾದ ನಾನು ರೇಷ್ಮೆಯ ಮೂಲಕ ಅರ್ಥ ಮಾಡಿಕೊಂಡೆ. ನಮ್ಮೂರಿನ ಹುರಿ ಯಂತ್ರಗಳಲ್ಲಿ ಎಳೆಗಳನ್ನು ಒಂದರೊಡನೊಂದು ಸೇರಿಸಿ ಹುರಿಗೊಳಿಸಿದಂತೆ, ಕೊಲಾಜೆನ್ ಕೂಡ ಮೂರೆಳೆಯ ಹುರಿ. ಆದರೆ ಹುರಿ ಎಷ್ಟೇ ಬಿಗಿಯಾಗಿದ್ದರೂ, ಹುರಿಗೂ ಹುರಿಗೂ ನಡುವೆ ಅಡ್ಡ ಬಂಧ ಬೀಳದಿದ್ದರೆ ಬಟ್ಟೆಗೆ ಗಟ್ಟಿತನ ಬರುವುದಿಲ್ಲ. ಲೈಸಿನ್ ಎಂಬ ಅಮೈನೋ ಆಮ್ಲದ ಮೇಲೆ ಆ ಬಂಧ ಕೂರುವ ಜಾಗವನ್ನು ಸಿದ್ಧಪಡಿಸುವುದು ಲೈಸಿಲ್ ಹೈಡ್ರಾಕ್ಸಿಲೇಸ್. ಅದಕ್ಕೆ ಕಬ್ಬಿಣವೂ ಬೇಕು, ವಿಟಮಿನ್ ಸಿ ಕೂಡ ಬೇಕು. ಹುಟ್ಟಿನಿಂದಲೇ ಈ ಕಿಣ್ವದ ಕೊರತೆಯಿರುವ ಅಪರೂಪದ ಮಕ್ಕಳಲ್ಲಿ ಕೀಲುಗಳು ಸಡಿಲವಾಗಿ, ಬೆನ್ನುಮೂಳೆ ಬಾಗುತ್ತದೆ. ಇಷ್ಟನ್ನು ಓದಿ ನಿಲ್ಲಿಸಿದವನಿಗೆ ಆ ರಾತ್ರಿ ನಿದ್ದೆ ಬರುವುದಿಲ್ಲ. ನನಗೂ ಬರಲಿಲ್ಲ.

ಅದೇ ಪ್ರಯೋಗದ ಇನ್ನೊಂದು ಭಾಗವನ್ನು ಭಯಪಡಿಸುವವರು ಹೇಳುವುದಿಲ್ಲ. ಮಿನಾಕ್ಸಿಡಿಲ್ ಹಾಕಿದ ಕೋಶಗಳು ಕೊಲಾಜೆನ್ ತಯಾರಿಸುವುದನ್ನು ನಿಲ್ಲಿಸಿರಲಿಲ್ಲ; ತಯಾರಾಗುವ ಪ್ರಮಾಣ ಹಾಗೆಯೇ ಇತ್ತು, ಅದರಲ್ಲಿ ಹೈಡ್ರಾಕ್ಸಿಲೈಸಿನ್, ಎಂದರೆ ಬಂಧಕ್ಕೆ ಸಿದ್ಧವಾದ ಲೈಸಿನ್, ಮಾತ್ರ ಕಡಿಮೆಯಿತ್ತು. ಆದ್ದರಿಂದ "ಕೊಲಾಜೆನ್ ತಿಂದುಹಾಕುತ್ತದೆ" ಎಂಬ ಮಾತು ತಪ್ಪು. ಈ ಗುಣವನ್ನು ಕಂಡ ಸಂಶೋಧಕರ ಮನಸ್ಸಿಗೆ ಬಂದದ್ದೂ ಸುಕ್ಕಲ್ಲ. ಗಾಯ ಮಾಸಿದ ಮೇಲೆ ಉಬ್ಬಿ ಬೆಳೆಯುವ ಕೀಲಾಯ್ಡ್‌ನಂಥ ಗಡಸು ಕಲೆಗಳಿಗೆ ಇದು ಔಷಧವಾಗಬಹುದೇ ಎಂಬ ಆಸೆ. ಆ ಆಸೆಯೂ ಸುಲಭವಾಗಿ ಕೈಗೂಡಲಿಲ್ಲ. ಈ ಕಿಣ್ವಕ್ಕೆ ಮೂರು ರೂಪಗಳಿವೆ. ಗಡಸು ಕಲೆಗಳ ಹಿಂದಿರುವ ರೂಪವನ್ನು ಮಿನಾಕ್ಸಿಡಿಲ್ ಅಷ್ಟಾಗಿ ತಟ್ಟುವುದಿಲ್ಲವೆಂದು 2005ರ ಇನ್ನೊಂದು ಅಧ್ಯಯನ ಹೇಳಿತು.

ಉಳಿದದ್ದು ಪ್ರಮಾಣದ ಪ್ರಶ್ನೆ. ಲೆಕ್ಕ ನನ್ನ ಕಸುಬಾದ್ದರಿಂದ ಕಾಗದ ಹಿಡಿದು ಕೂತೆ. ನಾನು ಹಚ್ಚುವುದು 5 ಪ್ರತಿಶತದ ದ್ರಾವಣ. ಒಂದು ಮಿಲಿಲೀಟರಿನಲ್ಲಿ 50 ಮಿಲಿಗ್ರಾಂ, ದಿನಕ್ಕೆರಡು ಸಲವೆಂದರೆ 100 ಮಿಲಿಗ್ರಾಂ. ಆರೋಗ್ಯವಾಗಿರುವ ನೆತ್ತಿಯ ಮೂಲಕ ಅದರಲ್ಲಿ ರಕ್ತಕ್ಕೆ ಇಳಿಯುವುದು ಸರಾಸರಿ ಶೇಕಡಾ 1.4ರಷ್ಟು. ಅಂದರೆ ದಿನಕ್ಕೆ ಒಂದೂವರೆ ಮಿಲಿಗ್ರಾಮಿಗೂ ಕಡಿಮೆ, ಅದೂ ಇಡೀ ಮೈಗೆ ಹಂಚಿಹೋಗಬೇಕು. ಗಾಜಿನ ತಟ್ಟೆಯ ಕೋಶಗಳು ಮುಳುಗಿದ್ದ ಔಷಧದ ಸಾಂದ್ರತೆ, ಹಚ್ಚಿಕೊಳ್ಳುವವರ ರಕ್ತದಲ್ಲಿ ಸಿಗುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚಿನದು. ಇನ್ನು ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ಸಾಮಾನ್ಯವಾಗಿ ತೆಗೆದುಕೊಳ್ಳುವುದು ದಿನಕ್ಕೆ 10ರಿಂದ 40 ಮಿಲಿಗ್ರಾಂ. ಆ ಮಾತ್ರೆಯ ಎಚ್ಚರಿಕೆಗಳ ಪಟ್ಟಿ ಉದ್ದವಾಗಿದೆ, ಗಂಭೀರವಾಗಿಯೂ ಇದೆ: ಮೈಯಲ್ಲಿ ನೀರು ನಿಲ್ಲುವುದು, ಹೃದಯದ ಸುತ್ತಲಿನ ಪೊರೆಯಲ್ಲಿ ದ್ರವ ತುಂಬುವುದು, ಎದೆಬಡಿತ ಏರುವುದು. ನನಗಿಂತ ಹತ್ತಿಪ್ಪತ್ತು ಪಟ್ಟು ಔಷಧ ಮೈಯೊಳಗೆ ಹೋದವರ ಈ ಪಟ್ಟಿಯಲ್ಲಿ ಮುಖದ ಕೂದಲಿದೆ, ಮುಖದ ಸುಕ್ಕಿಲ್ಲ.

ನೆತ್ತಿಯ ಚರ್ಮದಲ್ಲಿ ಔಷಧದ ಸಾಂದ್ರತೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ ಎಂಬ ಪ್ರತಿವಾದವನ್ನು ನಾನೇ ನನಗೆ ಹಾಕಿಕೊಂಡೆ. ನಿಜವೇ. ಹಾಗಾದರೆ ಮೊದಲು ಮುದುಡಬೇಕಾದದ್ದು ನೆತ್ತಿ, ಅಲ್ಲಿಂದ ಒಂದು ಗೇಣು ಕೆಳಗಿರುವ ಕೆನ್ನೆಯಲ್ಲ.

ಲೆಕ್ಕ ಸರಿಯಾಗಿದ್ದರೂ ಮುಖ ಬಾಡಿದಂತೆ ಕಾಣುತ್ತಿದ್ದುದು ಸುಳ್ಳಾಗಿರಲಿಲ್ಲ, ಆದ್ದರಿಂದ ಕೊನೆಗೆ ಚರ್ಮರೋಗ ತಜ್ಞೆಯೊಬ್ಬರ ಬಳಿ ಹೋದೆ. ಅವರು ನನ್ನ ಕೊಲಾಜೆನ್ ಪ್ರವಚನವನ್ನು ಅರ್ಧಕ್ಕೇ ನಿಲ್ಲಿಸಿ, ಸೀಸೆ ತಂದಿದ್ದರೆ ಕೊಡಿ ಎಂದರು. ಹಿಂಬದಿಯ ಸಣ್ಣ ಅಕ್ಷರಗಳನ್ನು ತೋರಿಸಿ, ಔಷಧವನ್ನು ಕರಗಿಸಲು ಇದರಲ್ಲಿ ಆಲ್ಕೋಹಾಲ್ ಮತ್ತು ಪ್ರೊಪಿಲಿನ್ ಗ್ಲೈಕಾಲ್ ಇದೆ, ಕೆಲವರ ಚರ್ಮ ಈ ಗ್ಲೈಕಾಲಿಗೆ ಕೆರಳಿ ಒಣಗಿ ಹೊಟ್ಟೇಳುತ್ತದೆ ಎಂದರು. ನೀವು ಹೇಗೆ ಹಚ್ಚುತ್ತೀರಿ ಎಂದು ಕೇಳಿದರು. ಡ್ರಾಪರಿನಿಂದ ಮುಂದಲೆಗೆ ಬಿಟ್ಟು ಮಲಗುತ್ತೇನೆ ಎಂದೆ. ಬಿಟ್ಟದ್ದರಲ್ಲಿ ಒಂದು ಪಾಲು ಹಣೆಗೆ, ಕಣ್ಣಿನ ಅಂಚಿಗೆ ಹರಿಯುತ್ತದೆ, ಉಳಿದದ್ದು ದಿಂಬಿಗೆ, ದಿಂಬಿನಿಂದ ಮತ್ತೆ ಮುಖಕ್ಕೆ ಎಂಬುದನ್ನು ಅವರು ಹೇಳುವವರೆಗೂ ನಾನು ಯೋಚಿಸಿರಲಿಲ್ಲ. ಒಣಗಿದ ಚರ್ಮದಲ್ಲಿ ಇರುವ ಸಣ್ಣ ಗೆರೆಯೂ ಬಿರುಕು ಬಿಟ್ಟ ನೆಲದಂತೆ ಎದ್ದು ಕಾಣುತ್ತದೆ. ಅದು ಒಣಗಿದ್ದು, ಮುಪ್ಪಾದದ್ದಲ್ಲ.

ದಿಂಬಿನ ಮಾತು ಬಂದಾಗ ಅವರು ಮನೆಯಲ್ಲಿ ಬೆಕ್ಕಿದೆಯೇ ಎಂದು ಕೇಳಿದರು. ಇದೆ, ನನ್ನ ದಿಂಬಿನ ಮೇಲೆಯೇ ಮಲಗುತ್ತದೆ. ಮಿನಾಕ್ಸಿಡಿಲ್ ಬೆಕ್ಕುಗಳಿಗೆ ಘೋರ ವಿಷ, ನೆಕ್ಕಿದ ಅಲ್ಪ ಪ್ರಮಾಣವೂ ಪ್ರಾಣ ತೆಗೆಯಬಹುದು ಎಂದು ಅವರು ಹೇಳಿದಾಗ ನನ್ನ ಸುಕ್ಕಿನ ಚಿಂತೆ ಕೆಲವು ನಿಮಿಷ ಪೂರ್ತಿ ಮರೆತುಹೋಯಿತು. ಎರಡು ತಿಂಗಳು ಔಷಧದ ಅಡ್ಡಪರಿಣಾಮವನ್ನು ಕನ್ನಡಿಯಲ್ಲಿ ಹುಡುಕಿದವನು ಕಾಲ ಬುಡದಲ್ಲಿ ಸುಳಿಯುತ್ತಿದ್ದ ಪ್ರಾಣಿಯನ್ನು ನೋಡಿರಲಿಲ್ಲ. ಈಗ ಬೆಕ್ಕಿಗೆ ಮಲಗುವ ಕೋಣೆಯ ಬಾಗಿಲು ಮುಚ್ಚಿದೆ. ಅದರ ಕೋಪ ಇನ್ನೂ ಇಳಿದಿಲ್ಲ.

ಆಮೇಲೆ ಅವರು ನನ್ನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, "ನೀವು ಕಾರು ಓಡಿಸುತ್ತೀರಾ?" ಎಂದರು. ಓಡಿಸುತ್ತೇನೆ. ರಾಮನಗರದಿಂದ ಬೆಂಗಳೂರಿಗೆ, ಸಂಜೆ ಅಲ್ಲಿಂದ ರಾಮನಗರಕ್ಕೆ, ಏಳು ವರ್ಷದಿಂದ. ಕೈಗನ್ನಡಿ ಕೊಟ್ಟು ನೋಡಿಕೊಳ್ಳಲು ಹೇಳಿದರು. ಬಲಗಣ್ಣಿನ ಹೊರತುದಿಯಲ್ಲಿ ನಾಲ್ಕು ಗೆರೆ, ಎಡಗಣ್ಣಿನಲ್ಲಿ ಎರಡು. ಬಲಗೆನ್ನೆಯ ಬಣ್ಣ ಎಡಗೆನ್ನೆಗಿಂತ ತುಸು ಕಪ್ಪು. ಎರಡು ತಿಂಗಳು ಗೆರೆ ಎಣಿಸಿದ ಲೆಕ್ಕಿಗ ಎರಡು ಬದಿಯ ಮೊತ್ತವನ್ನು ಬೇರೆ ಬೇರೆ ಬರೆದು ನೋಡಿರಲಿಲ್ಲ.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ರಾಮನಗರದಿಂದ ಬೆಂಗಳೂರು ಇರುವುದು ಈಶಾನ್ಯಕ್ಕೆ. ಬೆಳಿಗ್ಗೆ ಹೊರಟರೆ ಪೂರ್ವದ ಸೂರ್ಯ ಬಲಗಡೆ. ಸಂಜೆ ನೈಋತ್ಯಕ್ಕೆ ಮರಳುವಾಗ ಪಶ್ಚಿಮದ ಸೂರ್ಯನೂ ಬಲಗಡೆ. ನಮ್ಮಲ್ಲಿ ಚಾಲಕ ಕೂರುವುದೂ ಬಲಗಡೆ. ಎರಡೂ ಹೊತ್ತು ಅದೇ ಕೆನ್ನೆಗೆ ಅದೇ ಕಿಟಕಿಯ ಬಿಸಿಲು. ಚರ್ಮವನ್ನು ಸುಡುವ ಯುವಿ-ಬಿ ಕಿರಣವನ್ನು ಗಾಜು ಬಹುಮಟ್ಟಿಗೆ ತಡೆಯುವುದರಿಂದ ಮುಖ ಉರಿಯುವುದಿಲ್ಲ, ನಮಗೆ ಎಚ್ಚರವೂ ಆಗುವುದಿಲ್ಲ. ಆದರೆ ಆಳಕ್ಕಿಳಿದು ಕೊಲಾಜೆನ್ ಅನ್ನು ಕಡಿಯುವ ಯುವಿ-ಎ ಪಕ್ಕದ ಕಿಟಕಿಯ ಸಾಧಾರಣ ಗಾಜನ್ನು ದಾಟಿ ಬರುತ್ತದೆ. ಮುಂದಿನ ಗಾಜು ಎರಡು ಪದರದ ನಡುವೆ ಪ್ಲಾಸ್ಟಿಕ್ ಹಾಳೆಯಿಟ್ಟು ಮಾಡಿದ್ದಾದ್ದರಿಂದ ಅದನ್ನು ಹೆಚ್ಚುಪಾಲು ತಡೆಯುತ್ತದೆ. 2012ರಲ್ಲಿ ಅಮೆರಿಕದ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದು 69 ವರ್ಷದ ಸರಕು ವಾಹನ ಚಾಲಕನೊಬ್ಬನ ಫೋಟೋ ಪ್ರಕಟಿಸಿತ್ತು. 28 ವರ್ಷ ವಾಹನ ಓಡಿಸಿದ ಅವನ ಮುಖದ ಎಡಭಾಗ ಬಲಭಾಗಕ್ಕಿಂತ ಎರಡು ದಶಕ ಮುದುಕನದ್ದೆಂಬಂತೆ ಜೋತುಬಿದ್ದು ಸುಕ್ಕುಗಟ್ಟಿತ್ತು. ಅಲ್ಲಿ ಚಾಲಕ ಕೂರುವುದು ಎಡಗಡೆ. ನೆತ್ತಿಯ ನಡುವೆ ಹಚ್ಚಿದ ಔಷಧ ರಕ್ತಕ್ಕಿಳಿದು ಬಲಗೆನ್ನೆಯನ್ನು ಮಾತ್ರ ಆರಿಸಿಕೊಂಡು ಕೆಡಿಸಲಾರದು.

ಆ ರಾತ್ರಿ ಹಳೆಯ ಫೋಟೋಗಳನ್ನು ತೆಗೆದೆ. ಅಕ್ಕನ ಮಗಳ ನಾಮಕರಣದ್ದು, ಔಷಧ ಶುರು ಮಾಡುವುದಕ್ಕಿಂತ ಎರಡು ವರ್ಷ ಮೊದಲಿನದು. ದೊಡ್ಡದು ಮಾಡಿ ನೋಡಿದರೆ ಬಲಗಣ್ಣಿನ ಪಕ್ಕದಲ್ಲಿ ಮೂರು ಗೆರೆ ಆಗಲೇ ಇದ್ದವು. ಅಂದು ಆ ಫೋಟೋದಲ್ಲಿ ನಾನು ನೋಡಿದ್ದು ಹಣೆಯನ್ನು ಮಾತ್ರ.

ಇಷ್ಟೆಲ್ಲ ತಿಳಿದ ಮೇಲೂ ಅನುಮಾನ ಬಿಟ್ಟುಹೋಗಲು ಹೊತ್ತು ಹಿಡಿಯಿತು. ಕಿವಿಗೆ ಬಿದ್ದ ಭಯ ಅಷ್ಟು ಸುಲಭವಾಗಿ ಮೈಬಿಡುವುದಿಲ್ಲ. ಫಿನಾಸ್ಟರೈಡ್ ಎಂಬ ಇನ್ನೊಂದು ಔಷಧದ ಮೇಲೆ ಇಟಲಿಯ ವೈದ್ಯರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪ್ರಾಸ್ಟೇಟ್ ತೊಂದರೆಗೆ ಅದನ್ನು ತೆಗೆದುಕೊಂಡವರಲ್ಲಿ ಒಂದು ಗುಂಪಿಗೆ ಲೈಂಗಿಕ ಅಡ್ಡಪರಿಣಾಮದ ಸಾಧ್ಯತೆಯನ್ನು ಮೊದಲೇ ಹೇಳಿದ್ದರು, ಇನ್ನೊಂದಕ್ಕೆ ಹೇಳಿರಲಿಲ್ಲ. ಮಾತ್ರೆ ಒಂದೇ. ಹೇಳಿಸಿಕೊಂಡವರಲ್ಲಿ ಶೇಕಡಾ 43.6 ಜನ ತೊಂದರೆ ವರದಿ ಮಾಡಿದರು, ಹೇಳಿಸಿಕೊಳ್ಳದವರಲ್ಲಿ 15.3. ಎರಡನೆಯ ಅಂಕಿಯನ್ನೂ ಮರೆಯಬಾರದು, ತೊಂದರೆಯೆಲ್ಲ ಮನಸ್ಸಿನದೇ ಎಂದು ಯಾರನ್ನೂ ತಳ್ಳಿಹಾಕುವುದು ನನ್ನ ಉದ್ದೇಶವಲ್ಲ. ಕಡಿಮೆ ಪ್ರಮಾಣದ ಮಿನಾಕ್ಸಿಡಿಲ್ ಮಾತ್ರೆಯನ್ನೇ ಕೂದಲಿಗಾಗಿ ನುಂಗುವವರಿಗೆ ಕಣ್ಣಿನ ಸುತ್ತ, ಕಾಲಿನ ಗಿಣ್ಣಿನಲ್ಲಿ ನೀರು ತುಂಬುವುದು ನಿಜವಾದ ಪರಿಣಾಮ. ಬೆಳಿಗ್ಗೆ ಊದಿ ಸಂಜೆಗೆ ಇಳಿಯುವ ಕಣ್ಣಿನ ಕೆಳಗಿನ ಚೀಲವನ್ನು ಕಂಡು ಮುಪ್ಪು ಬಂತೆಂದುಕೊಳ್ಳುವವರೂ ಇರಬಹುದು. ಅಂಥವರು ನನ್ನಂತೆ ಕನ್ನಡಿ ನೋಡುತ್ತ ಕೂರದೆ ಬೇಗ ವೈದ್ಯರಿಗೆ ಹೇಳಬೇಕು, ಎದೆ ಬಡಿತ ಏರಿದರೆ ಅಥವಾ ತೂಕ ಥಟ್ಟನೆ ಹೆಚ್ಚಿದರೆ ಅದೇ ದಿನ.

ನಾನು ಔಷಧ ಬಿಡಲಿಲ್ಲ. ದ್ರಾವಣದ ಬದಲು ನೊರೆಯ ರೂಪದ್ದನ್ನು ತೆಗೆದುಕೊಂಡೆ, ಅದರಲ್ಲಿ ಆ ಗ್ಲೈಕಾಲ್ ಇಲ್ಲ. ರಾತ್ರಿ ಮಲಗುವುದಕ್ಕೆ ಎರಡು ಗಂಟೆ ಮೊದಲೇ ಬೆರಳ ತುದಿಯಿಂದ ಹಚ್ಚಿ, ಒಣಗಲು ಬಿಟ್ಟು, ಹಣೆ ಒರೆಸಿ, ಕೈ ತೊಳೆಯುತ್ತೇನೆ. ಮೂರು ವಾರದಲ್ಲಿ ಹಣೆಯಂಚಿನ ಹೊಟ್ಟು ನಿಂತಿತು, ಮುಖದ ಬಿಗುವು ಇಳಿಯಿತು. ಕಣ್ಣಿನ ಪಕ್ಕದ ನಾಲ್ಕು ಗೆರೆ ನಾಲ್ಕಾಗಿಯೇ ಉಳಿದಿವೆ. ಕಾರಿನ ಕಿಟಕಿಗೆ ಕಪ್ಪು ಫಿಲ್ಮ್ ಹಾಕಿಸಿಬಿಡೋಣವೆಂದು ಹೊರಟರೆ, 2012ರ ಸುಪ್ರೀಂ ಕೋರ್ಟ್ ತೀರ್ಪನ್ನು ನೆನಪಿಸಿ, ಬಿಡದಿ ದಾಟುವುದರೊಳಗೆ ಪೊಲೀಸರು ಕೀಳಿಸುತ್ತಾರೆ ಎಂದು ಪರಿಚಯದ ಮೆಕ್ಯಾನಿಕ್ ನಕ್ಕ. ಹೀಗಾಗಿ ಉಳಿದದ್ದು ಸನ್‌ಸ್ಕ್ರೀನ್. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಕಾರಿನಲ್ಲೇ ಕೂತು, ಬಿಸಿಲು ಬೀಳುವ ಕಡೆಗೆ ದಪ್ಪಗೆ ಬಳಿದುಕೊಂಡು, ಇನ್ನೊಂದು ಕಡೆಯನ್ನು ಎಷ್ಟೋ ದಿನ ಮರೆತುಬಿಡುತ್ತೇನೆ. ಮೊನ್ನೆ ಕಚೇರಿಯ ಲಿಫ್ಟಿನಲ್ಲಿ ಅದೇ ಕಿರಿಯ ಸಹೋದ್ಯೋಗಿ ನನ್ನನ್ನು ತುಸು ಹೊತ್ತು ದಿಟ್ಟಿಸಿ ನೋಡಿ ಕೇಳಿದ: "ಸರ್, ವಿಭೂತಿ ಒಂದೇ ಕೆನ್ನೆಗೆ ಯಾಕೆ?"